ಹಳೆಯ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಐಬಿಎಂ ಪಿಸಿ, ಎಕ್ಸ್‌ಟಿ, ಎಟಿ ಮತ್ತು ಅವುಗಳಿಗೆ ಹೊಂದುವ ಯಂತ್ರಗಳ ಐಎಸ್‌ಎ ಸ್ಲಾಟಿಗೆ (ಹೆಚ್ಚುವರಿ ಕಾರ್ಡ್ ಸಿಕ್ಕಿಸುವ ಜಾಗ) ಕೂರುವ ಗ್ರಾಫಿಕ್ಸ್ ಕಾರ್ಡನ್ನು ತಾವೇ ಮಾಡಲು ಹೊರಟವರ ಪ್ರಶ್ನೆಗಳಿವು. ಗೇಟ್, ಫ್ಲಿಪ್‌ಫ್ಲಾಪ್, ಕೌಂಟರ್ ಅಂದರೇನು ಎಂದು ಗೊತ್ತಿದ್ದು, ಬೆಸುಗೆ ಹಾಕುವ ಅಭ್ಯಾಸವಿದ್ದರೆ ಸಾಕು. ಉಳಿದದ್ದನ್ನು ಕೆಲಸವೇ ಕಲಿಸುತ್ತದೆ. ಮೆಮೊರಿ ಮತ್ತು ಪೋರ್ಟ್ ವಿಳಾಸಗಳೆಲ್ಲ ಹೆಕ್ಸಾಡೆಸಿಮಲ್‌ನಲ್ಲಿವೆ.

ಹಳೆಯ ಕಾರ್ಡ್‌ಗಳು ಇನ್ನೂ ಸಿಗುತ್ತವಲ್ಲ, ಹೊಸದೇಕೆ?

ಕಾರ್ಡ್ ಸಿಕ್ಕರೂ ಅದಕ್ಕೆ ತಕ್ಕ ಮಾನಿಟರ್ ಸಿಗುವುದು ಕಷ್ಟ. 1981ರಲ್ಲಿ ಪಿಸಿಯ ಜೊತೆಗೇ ಬಂದ ಎರಡು ಕಾರ್ಡ್‌ಗಳಲ್ಲಿ ಪಠ್ಯ ಮಾತ್ರ ತೋರಿಸುವ ಎಂಡಿಎ ಸೆಕೆಂಡಿಗೆ ಸುಮಾರು 18,400 ಅಡ್ಡಗೆರೆ ಎಳೆಯುತ್ತದೆ, ಬಣ್ಣವನ್ನೂ ಚಿತ್ರವನ್ನೂ ತೋರಿಸುವ ಸಿಜಿಎ ಸುಮಾರು 15,700. ಈಗಿನ ಎಲ್‌ಸಿಡಿ ಮಾನಿಟರ್‌ಗಳಲ್ಲಿ ಹೆಚ್ಚಿನವು ಸುಮಾರು 31,000ದಿಂದ ಶುರುವಾಗುತ್ತವೆ. ಅದಕ್ಕಿಂತ ಕೆಳಗಿನದನ್ನು ಕೊಟ್ಟರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಮೇಲಾಗಿ ಹಳೆಯ ಕಾರ್ಡ್‌ಗಳ ಒಂಬತ್ತು ಪಿನ್ನಿನ ಕನೆಕ್ಟರ್‌ನಲ್ಲಿ ಹೊರಬರುವುದು ಡಿಜಿಟಲ್ ಸಂಕೇತ, ವಿಜಿಎ ಮಾನಿಟರ್ ಬಯಸುವುದು 0.7 ವೋಲ್ಟಿನ ಅನಲಾಗ್.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪರದೆಯ ಮೇಲೆ ಒಂದು ಅಕ್ಷರ ಮೂಡಲು ಏನೇನು ನಡೆಯಬೇಕು ಎಂಬುದನ್ನು ಕೊನೆಯ ಗೇಟಿನವರೆಗೂ ಒಬ್ಬರೇ ಕೂತು ಅರಿತುಕೊಳ್ಳಬಹುದಾದ ಯಂತ್ರ ಇದು. ಅರಿಯುವುದಕ್ಕೆ ಕಟ್ಟುವುದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಯಾವ ಕಾರ್ಡಿನಿಂದ ಶುರು ಮಾಡಲಿ?

ಎಂಡಿಎಯ ಪಠ್ಯ ಪರದೆಯಿಂದ. 80 ಕಾಲಮ್, 25 ಸಾಲು, 4 ಕಿಲೋಬೈಟ್ ಮೆಮೊರಿ, ಬಿ0000 ವಿಳಾಸ. ಇದು ನಿಂತ ಮೇಲೆ ಸಿಜಿಎಗೆ ಹೋಗಿ: 16 ಕಿಲೋಬೈಟ್, ಬಿ8000 ವಿಳಾಸ, 320×200ರಲ್ಲಿ ನಾಲ್ಕು ಬಣ್ಣ ಅಥವಾ 640×200ರಲ್ಲಿ ಎರಡು. 1982ರ ಹರ್ಕ್ಯುಲಿಸ್ ಕಾರ್ಡ್ ಎಂಡಿಎಗೆ 720×348ರ ಗ್ರಾಫಿಕ್ಸನ್ನು ಸೇರಿಸಿದ್ದು. ಎಂಡಿಎ ಮುಗಿಸಿದವರಿಗೆ ಅದು ದೂರವಲ್ಲ.

1984ರ ಇಜಿಎ ಮತ್ತು 1987ರ ವಿಜಿಎಗಳನ್ನು ಮೊದಲ ಕೆಲಸವಾಗಿ ಹಿಡಿಯಬೇಡಿ. ಅವುಗಳಲ್ಲಿ ಮೆಮೊರಿ ನಾಲ್ಕು ಪದರಗಳಾಗಿ ಒಂದೇ ವಿಳಾಸದ ಹಿಂದೆ ನಿಂತಿರುತ್ತದೆ. ಪ್ರೊಸೆಸರ್ ಬರೆದ ಬೈಟ್ ನೇರವಾಗಿ ಮೆಮೊರಿಗೆ ಹೋಗದೆ ಲ್ಯಾಚ್, ಮಾಸ್ಕ್, ರೈಟ್ ಮೋಡ್‌ಗಳನ್ನು ದಾಟಿ ಹೋಗುತ್ತದೆ. ಆಟಗಳು ಆ ಮೂಲೆಗಳನ್ನೆಲ್ಲ ಬಳಸಿಕೊಂಡಿವೆ, ಆದ್ದರಿಂದ ಅರ್ಧ ಮಾಡಿದ ವಿಜಿಎ ಯಾವುದಕ್ಕೂ ಒದಗುವುದಿಲ್ಲ. ವಿಜಿಎಯೇ ಬೇಕೆಂದರೆ ಟ್ರೈಡೆಂಟ್ ಟಿವಿಜಿಎ9000ಐ ತರಹದ ಹಳೆಯ ಚಿಪ್ಪನ್ನು ತಂದು ಅದರ ಸುತ್ತ ಬೋರ್ಡ್ ಮಾಡುವುದು ವಿವೇಕದ ದಾರಿ. ಬಣ್ಣದ ಪರಿವರ್ತಕವೂ ಅದರೊಳಗೇ ಇದೆ.

ಕಾರ್ಡಿನ ಒಳಗೆ ಏನೇನು ಇರಬೇಕು?

ಬಸ್ಸಿನ (ಪ್ರೊಸೆಸರನ್ನು ಕಾರ್ಡ್‌ಗಳಿಗೆ ಜೋಡಿಸುವ ತಂತಿಗಳ ಕಟ್ಟು) ವಿಳಾಸವನ್ನು ಗುರುತಿಸುವ ಡಿಕೋಡರ್, ಮೆಮೊರಿ, ಪರದೆಯ ಮೇಲೆ ಈಗ ಎಲ್ಲಿದ್ದೇವೆ ಎಂದು ಎಣಿಸುವ ಸಿಆರ್‌ಟಿ ಕಂಟ್ರೋಲರ್, ಅಕ್ಷರಗಳ ಆಕಾರ ಹೊತ್ತ ರಾಮ್ (ROM, ಓದಲು ಮಾತ್ರ ಬರುವ ಮೆಮೊರಿ), ಬೈಟನ್ನು ಚುಕ್ಕಿಗಳ ಸಾಲಾಗಿ ಹೊರಗೆ ತಳ್ಳುವ ಶಿಫ್ಟ್ ರಿಜಿಸ್ಟರ್, ಬಣ್ಣ ಕೊಡುವ ಕೊನೆಯ ಹಂತ. ಅಕ್ಷರದ ರಾಮ್ ಚಿಕ್ಕದು: ಸಿಜಿಎಯ 8×8 ಆಕಾರಕ್ಕೆ 256 ಅಕ್ಷರಗಳಿಗೆ 2,048 ಬೈಟ್, ಎಂಡಿಎಯ 14 ಗೆರೆಯ ಆಕಾರಕ್ಕೆ 3,584 ಬೈಟ್.

ಎಂಡಿಎ ಕಟ್ಟುವವರು ಒಂದು ಸೂಕ್ಷ್ಮವನ್ನು ಮರೆಯಬಾರದು. ಅಲ್ಲಿ ಅಕ್ಷರದ ಮನೆ ಒಂಬತ್ತು ಚುಕ್ಕಿ ಅಗಲ, ಆದರೆ ರಾಮ್ ಕೊಡುವುದು ಎಂಟೇ. ಒಂಬತ್ತನೆಯದು ಸಾಮಾನ್ಯವಾಗಿ ಖಾಲಿ. ಸಿ0ಯಿಂದ ಡಿಎಫ್‌ವರೆಗಿನ ಅಕ್ಷರಗಳಿಗೆ ಮಾತ್ರ ಎಂಟನೆಯ ಚುಕ್ಕಿಯೇ ಮರುಕಳಿಸುತ್ತದೆ. ಚೌಕಟ್ಟಿನ ಗೆರೆಗಳು ಅಲ್ಲಿರುವುದರಿಂದ ಹೀಗೆ. ಇದನ್ನು ಬಿಟ್ಟರೆ ಪ್ರತಿ ಚೌಕಟ್ಟಿನ ಅಡ್ಡಗೆರೆಯೂ ತುಂಡುತುಂಡಾಗುತ್ತದೆ.

6845 ಚಿಪ್ ಏನು ಮಾಡುತ್ತದೆ? ಅದೇ ಬೇಕೇ?

ಮೋಟೊರೋಲಾದ 6845 ಚಿತ್ರವನ್ನು ಮುಟ್ಟುವುದೇ ಇಲ್ಲ. ಅದು ಎಣಿಸುತ್ತದೆ, ಅಷ್ಟೆ. ತನ್ನ 18 ರಿಜಿಸ್ಟರ್‌ಗಳಲ್ಲಿ ಬರೆದ ಅಳತೆಗಳ ಪ್ರಕಾರ ಮೆಮೊರಿಯ ವಿಳಾಸ, ಅಕ್ಷರದೊಳಗಿನ ಗೆರೆಯ ಸಂಖ್ಯೆ, ಗೆರೆ ಮತ್ತು ಚಿತ್ರ ಯಾವಾಗ ಶುರುವಾಗಬೇಕೆಂದು ಮಾನಿಟರಿಗೆ ಹೇಳುವ ಎರಡು ಸಿಂಕ್ ಸಂಕೇತಗಳು, ಕರ್ಸರ್ ಮತ್ತು "ಈಗ ಚಿತ್ರ ತೋರಿಸು" ಎಂಬ ಸಂಕೇತ ಹೊರಡಿಸುತ್ತದೆ. ಮೂಲ ಚಿಪ್ಪನ್ನು ಬಳಸಬಹುದು, ಎಫ್‌ಪಿಜಿಎ (ಒಳಗಿನ ಜೋಡಣೆಯನ್ನು ನಾವೇ ಬರೆದು ತುಂಬಬಹುದಾದ ಚಿಪ್) ಒಳಗೆ ಬರೆದುಕೊಳ್ಳಲೂಬಹುದು.

ಸಿಜಿಎ ಗ್ರಾಫಿಕ್ಸ್‌ನಲ್ಲಿ ಸಮ ಗೆರೆಗಳು ಬಿ8000ದಿಂದ, ಬೆಸ ಗೆರೆಗಳು ಬಿಎ000ದಿಂದ ಶುರುವಾಗುವುದು ಏಕೆ ಎಂದು ಬಹಳ ಜನ ಕೇಳುತ್ತಾರೆ. ಉತ್ತರ ಈ ಚಿಪ್ಪಿನಲ್ಲೇ ಇದೆ. 6845 ಅಕ್ಷರಗಳಿಗೆಂದು ಹುಟ್ಟಿದ್ದು, ನಿಲುವಿನಲ್ಲಿ 128 ಸಾಲಿಗಿಂತ ಹೆಚ್ಚು ಎಣಿಸಲಾರದು. 200 ಗೆರೆ ಬೇಕೆಂದರೆ ಎರಡೆರಡು ಗೆರೆ ಎತ್ತರದ 100 "ಅಕ್ಷರ ಸಾಲು" ಎಂದು ಅದಕ್ಕೆ ಹೇಳಿ, ಒಳಗಿನ ಗೆರೆಸಂಖ್ಯೆಯನ್ನು ವಿಳಾಸದ ಮೇಲಿನ ಬಿಟ್ ಆಗಿ ಬಳಸಿದರು. ಹರ್ಕ್ಯುಲಿಸ್‌ನ 348 ಗೆರೆ 87 ಸಾಲಿನ ನಾಲ್ಕು ಪಟ್ಟು, ಆದ್ದರಿಂದ ಅಲ್ಲಿ ಮೆಮೊರಿ ನಾಲ್ಕು ಪಾಲು.

ಎಲ್ಲಕ್ಕಿಂತ ಕಷ್ಟದ ಭಾಗ ಯಾವುದು?

ಇಲ್ಲಿನ ಉತ್ತರಗಳಲ್ಲಿ ಒಂದನ್ನಷ್ಟೇ ಓದುವುದಾದರೆ ಇದನ್ನು ಓದಿ. ಬಣ್ಣ, ಸಿಂಕ್, ಅಕ್ಷರ ಇವೆಲ್ಲ ಎಣಿಕೆಯ ಕೆಲಸ. ತಪ್ಪಿದರೆ ಕಣ್ಣಿಗೆ ಕಾಣುತ್ತದೆ, ತಿದ್ದಬಹುದು. ನಿಜವಾದ ಕಷ್ಟ ಮೆಮೊರಿಯನ್ನು ಹಂಚುವುದರಲ್ಲಿದೆ. ಬಾವಿ ಒಂದು, ನೀರು ಸೇದುವವರು ಇಬ್ಬರು: ಪ್ರೊಸೆಸರ್ ಮತ್ತು ಪರದೆ. ಪ್ರೊಸೆಸರ್ ಯಾವಾಗ ಬರುತ್ತದೋ ಹೇಳಲಾಗದು, ಆದರೆ ಬೇಕಾದರೆ ಸ್ವಲ್ಪ ಕಾಯುತ್ತದೆ. ಪರದೆ ಯಾವಾಗ ಬರುತ್ತದೆಂದು ನಿಖರವಾಗಿ ಗೊತ್ತು, ಆದರೆ ಅದು ಒಂದು ಕ್ಷಣವೂ ಕಾಯುವುದಿಲ್ಲ.

ಲೆಕ್ಕ ನೋಡಿ. ಸಿಜಿಎಯ 80 ಕಾಲಮ್ ಪಠ್ಯದಲ್ಲಿ ಚುಕ್ಕಿಯ ಗಡಿಯಾರ 14.318 ಮೆಗಾಹರ್ಟ್ಸ್, ಒಂದು ಚುಕ್ಕಿಗೆ ಸುಮಾರು 70 ನ್ಯಾನೋಸೆಕೆಂಡ್. ಎಂಟು ಚುಕ್ಕಿಗೆ, ಅಂದರೆ ಒಂದು ಅಕ್ಷರಕ್ಕೆ, ಸುಮಾರು 559. ಆ ಅವಧಿಯಲ್ಲಿ ಪರದೆಗೆ ಎರಡು ಬೈಟ್ ಬೇಕು, ಅಕ್ಷರ ಒಂದು, ಅದರ ಬಣ್ಣ ಒಂದು. ಮೂಲ ಕಾರ್ಡಿನ ಡೈನಮಿಕ್ ಮೆಮೊರಿಗೆ ಅಷ್ಟರಲ್ಲಿ ಎರಡೇ ಬೈಟ್ ಕೊಡಲು ಸಾಧ್ಯವಿತ್ತು. ಪ್ರೊಸೆಸರಿಗೆ ಉಳಿದದ್ದು ಸೊನ್ನೆ. ಆದರೂ ಪ್ರೊಸೆಸರ್ ಬಂದಾಗ ಅದಕ್ಕೇ ಮೊದಲ ಪಾಳಿ ಕೊಟ್ಟರು. ಪರದೆಗೆ ಆ ಹೊತ್ತಿನಲ್ಲಿ ಬೇರೇನೋ ಬೈಟ್ ಸಿಕ್ಕಿ ಚುಕ್ಕಿಗಳು ಚೆಲ್ಲಾಡಿದವು. ಸಿಜಿಎಯ ಕುಖ್ಯಾತ "ಹಿಮ" ಇದೇ.

ಇಂದಿನ ಸ್ಟ್ಯಾಟಿಕ್ ಮೆಮೊರಿ ಇದ್ದರೆ ಈ ಇಕ್ಕಟ್ಟು ಕರಗುತ್ತದೆ. ಅಕ್ಷರದ ಅವಧಿಯನ್ನು ಎಂಟು ಪಾಳಿಗಳಾಗಿ ಒಡೆಯಿರಿ, ಒಂದು ಚುಕ್ಕಿಗೆ ಒಂದು. ಪರದೆಗೆ ಎರಡು, ಪ್ರೊಸೆಸರಿಗೆ ಆರು. ಪರದೆಯ ಎರಡನ್ನು ಒಟ್ಟಿಗೆ ಇಡದೆ ಒಂದನೆಯ ಮತ್ತು ಐದನೆಯ ಪಾಳಿಯಲ್ಲಿ ಇಡಿ. ಆಗ ಪ್ರೊಸೆಸರ್ ಯಾವ ಗಳಿಗೆಯಲ್ಲಿ ಬಂದರೂ ಒಂದು ಪಾಳಿಗಿಂತ ಹೆಚ್ಚು ಕಾಯಬೇಕಿಲ್ಲ. 55 ನ್ಯಾನೋಸೆಕೆಂಡಿನ ಚಿಪ್ ಆದರೆ 70ರ ಪಾಳಿಯಲ್ಲಿ ವಿಳಾಸ ಬದಲಿಸಲು ಉಳಿಯುವ ಸಮಯ ಬಿಗಿ. 10 ನ್ಯಾನೋಸೆಕೆಂಡಿನದ್ದಾದರೆ ನಿರಾಳ.

ಇನ್ನೊಂದು ತೊಡಕು: ಬಸ್ಸಿನ ಗಡಿಯಾರಕ್ಕೂ ನಿಮ್ಮ ಚುಕ್ಕಿಯ ಗಡಿಯಾರಕ್ಕೂ ತಾಳ ಕೂಡಿರುವುದಿಲ್ಲ. ಪ್ರೊಸೆಸರಿನ ಕೋರಿಕೆಯನ್ನು ಎರಡು ಫ್ಲಿಪ್‌ಫ್ಲಾಪ್ ದಾಟಿಸಿ ಒಳಗೆ ತನ್ನಿ. ಅದಕ್ಕೆ ಎರಡು ಪಾಳಿ, ಕಾಯಲು ಒಂದು, ಕೆಲಸಕ್ಕೆ ಒಂದು, ಒಟ್ಟು ಸುಮಾರು 280 ನ್ಯಾನೋಸೆಕೆಂಡ್. 4.77 ಮೆಗಾಹರ್ಟ್ಸ್‌ನ 8088ರಲ್ಲಿ ಓದುವ ಸಂಕೇತ ಸುಮಾರು ಎರಡು ಕ್ಲಾಕ್, ಅಂದರೆ 420ರ ಆಸುಪಾಸು ಇಳಿದಿರುತ್ತದೆ. ಆದ್ದರಿಂದ ಮೂಲ ಪಿಸಿಯಲ್ಲಿ ಕಾಯಿಸದೆಯೇ ದಾಟಬಹುದು. ವೇಗದ ಯಂತ್ರಗಳಲ್ಲಿ ಇದು ಸಾಲದು, ಅಲ್ಲಿ ಐಒಸಿಎಚ್‌ಆರ್‌ಡಿವೈ ತಂತಿಯನ್ನು ಕೆಳಗೆಳೆದು ಪ್ರೊಸೆಸರನ್ನು ನಿಲ್ಲಿಸಬೇಕು. ಆ ತಂತಿಯನ್ನು ಓಪನ್ ಕಲೆಕ್ಟರ್ ಆಗಿಯೇ (ಕೆಳಗೆ ಮಾತ್ರ ಎಳೆದು, ಮೇಲೆ ತಳ್ಳದೆ) ಎಳೆಯಿರಿ, ಇತರ ಕಾರ್ಡ್‌ಗಳೂ ಅದನ್ನು ಹಂಚಿಕೊಂಡಿವೆ. ಹತ್ತು ಕ್ಲಾಕ್, ಅಂದರೆ 2.1 ಮೈಕ್ರೋಸೆಕೆಂಡ್ ಮೀರಿ ಹಿಡಿಯಬಾರದು ಎಂಬುದು ಐಬಿಎಂ ಇಟ್ಟ ಮಿತಿ. ಸುಮಾರು 15 ಮೈಕ್ರೋಸೆಕೆಂಡಿಗೊಮ್ಮೆ ನಡೆಯಬೇಕಾದ ಮೆಮೊರಿ ರಿಫ್ರೆಶ್ (ಡೈನಮಿಕ್ ಮೆಮೊರಿ ತನ್ನಲ್ಲಿರುವುದನ್ನು ಮರೆಯದಂತೆ ಮತ್ತೆ ತುಂಬುವುದು) ಕೂಡ ಅದೇ ಬಸ್ಸಿನ ಮೇಲೇ ಸಾಗುತ್ತದೆ.

ಹಾಗಾದರೆ ಹಿಮವನ್ನು ಉಳಿಸಬೇಕೇ?

ಬೇಡ. ಹಿಮ ಬೀಳದಂತೆ ಪೋರ್ಟ್ 3ಡಿಎ ನೋಡಿಕೊಂಡು ಬರೆಯುವ ತಂತ್ರಾಂಶ ಬೇಕಾದಷ್ಟಿದೆ. ಅಲ್ಲಿ ಬಿಟ್ 0 "ಈಗ ಬರೆಯಬಹುದು" ಎಂದೂ ಬಿಟ್ 3 "ಲಂಬ ಸಿಂಕ್ ನಡೆಯುತ್ತಿದೆ" ಎಂದೂ ಹೇಳುತ್ತವೆ. ಈ ಎರಡು ಬಿಟ್‌ಗಳು ಸರಿಯಾದ ಹೊತ್ತಿಗೆ ಏರಿ ಇಳಿಯಲಿ, ಅಷ್ಟು ಸಾಕು. ಅವು ಅಲುಗಾಡದೆ ನಿಂತರೆ ಕೆಲವು ಪ್ರೋಗ್ರಾಂಗಳು ಕಾಯುತ್ತಲೇ ಉಳಿದುಬಿಡುತ್ತವೆ.

ಐಎಸ್‌ಎ ಬಸ್ಸಿನಲ್ಲಿ ಯಾವ ತಂತಿಗಳು ಬೇಕು?

ಎಂಟು ಬಿಟ್ ಸ್ಲಾಟಿನಲ್ಲಿ 62 ಸಂಪರ್ಕಗಳಿವೆ, ಒಂದೊಂದು ಬದಿಗೆ 31. ನಿಮಗೆ ಬೇಕಾದವು ಇಪ್ಪತ್ತು ವಿಳಾಸ ತಂತಿ, ಎಂಟು ಡೇಟಾ ತಂತಿ, ಮೆಮೊರಿ ಓದು ಮತ್ತು ಬರೆ, ಪೋರ್ಟ್ ಓದು ಮತ್ತು ಬರೆ, ಎಇಎನ್, ರಿಸೆಟ್, ಮೇಲೆ ಹೇಳಿದ ಐಒಸಿಎಚ್‌ಆರ್‌ಡಿವೈ, 5 ವೋಲ್ಟ್ ಮತ್ತು ಗ್ರೌಂಡ್. ಸಿಜಿಎ ಕಟ್ಟುವವರಿಗೆ ಬಿ30 ಪಿನ್ನಿನ 14.31818 ಮೆಗಾಹರ್ಟ್ಸ್ ಬಿಟ್ಟಿಯಾಗಿ ಸಿಗುವ ಚುಕ್ಕಿಯ ಗಡಿಯಾರ.

ಎಡವುವ ಜಾಗಗಳು ಎರಡು. ಡಿಎಂಎ (ಪ್ರೊಸೆಸರನ್ನು ಬಿಟ್ಟು ಮೆಮೊರಿಗೆ ನೇರವಾಗಿ ಡೇಟಾ ಸಾಗಿಸುವುದು) ನಡೆಯುವಾಗ ಪೋರ್ಟ್ ಸಂಕೇತ ಮತ್ತು ಮೆಮೊರಿ ವಿಳಾಸ ಒಟ್ಟಿಗೆ ಬಸ್ಸಿನ ಮೇಲಿರುತ್ತವೆ. ಆಗ ಎಇಎನ್ ತಂತಿ ಮೇಲಿರುತ್ತದೆ. ಅದು ಕೆಳಗಿದ್ದಾಗ ಮಾತ್ರ ಪೋರ್ಟಿಗೆ ಓಗೊಡಿ, ಇಲ್ಲವಾದರೆ ಫ್ಲಾಪಿ ಓದುವಾಗ ನಿಮ್ಮ ರಿಜಿಸ್ಟರ್‌ಗಳಿಗೆ ಕಸ ಬಂದು ಬೀಳುತ್ತದೆ. ಎರಡನೆಯದು, ಬರೆಯುವ ಸಂಕೇತ ಇಳಿದ ಕೂಡಲೇ ಡೇಟಾ ಹಿಡಿಯಬೇಡಿ. ಅದು ಮತ್ತೆ ಏರುವ ಅಂಚಿನಲ್ಲಿ ಹಿಡಿಯುವುದು ಕ್ಷೇಮ.

ಟಿಟಿಎಲ್ ಚಿಪ್‌ಗಳೇ, ಎಫ್‌ಪಿಜಿಎಯೇ, ಮೈಕ್ರೋಕಂಟ್ರೋಲರೇ?

6845ರ ಸುತ್ತ ಬರೀ ಟಿಟಿಎಲ್‌ನಲ್ಲಿ (ಒಂದೊಂದರಲ್ಲೂ ಕೆಲವೇ ಗೇಟ್‌ಗಳಿರುವ ಚಿಪ್‌ಗಳು) ಕಟ್ಟಬಹುದು, 1981ರಲ್ಲಿ ಹಾಗೇ ಕಟ್ಟಿದ್ದರು. ಬೋರ್ಡ್ ದೊಡ್ಡದಾಗುತ್ತದೆ, ಒಂದು ತಪ್ಪು ತಿದ್ದಲು ತಂತಿ ಕತ್ತರಿಸಬೇಕಾಗುತ್ತದೆ. 5 ವೋಲ್ಟಿನಲ್ಲೇ ನಡೆಯುವ ಎಟಿಎಫ್1508 ತರಹದ ಸಿಪಿಎಲ್‌ಡಿ (ಎಫ್‌ಪಿಜಿಎಗಿಂತ ಚಿಕ್ಕದಾದ ಅಂಥದ್ದೇ ಚಿಪ್) ಮತ್ತು ನಿಜವಾದ 6845 ಸೇರಿದರೆ ಬಹಳ ಅಚ್ಚುಕಟ್ಟಾದ ಎಂಡಿಎ ಆಗುತ್ತದೆ.

ಹೆಚ್ಚಿನವರಿಗೆ ನಾನು ಹೇಳುವುದು ಎಫ್‌ಪಿಜಿಎ. ಲ್ಯಾಟಿಸ್ ಕಂಪನಿಯ ಐಸ್40 ಚಿಪ್‌ಗಳಿಗೆ ಯೋಸಿಸ್ ಮತ್ತು ನೆಕ್ಸ್ಟ್‌ಪಿಎನ್‌ಆರ್ ಎಂಬ ಮುಕ್ತ ಉಪಕರಣಗಳಿವೆ. ಗ್ರಾಫಿಕ್ಸ್ ಗ್ರೆಮ್ಲಿನ್ ಎಂಬ ಮುಕ್ತ ಕಾರ್ಡ್ ಇದೇ ಚಿಪ್ ಬಳಸಿ ಎಂಡಿಎ ಮತ್ತು ಸಿಜಿಎ ಎರಡನ್ನೂ ಮಾಡಿ ತೋರಿಸಿದೆ. ಅದರ ನಕ್ಷೆಯನ್ನೂ ವೆರಿಲಾಗ್ ಎಂಬ ಚಿಪ್ ವಿನ್ಯಾಸದ ಭಾಷೆಯಲ್ಲಿರುವ ಕೋಡನ್ನೂ ಕೂತು ಓದಿ. ನಕಲು ಮಾಡದಿದ್ದರೂ ಓದಿನಿಂದಲೇ ಅರ್ಧ ಪಾಠ ಆಗುತ್ತದೆ.

ಆರ್‌ಪಿ2040 ಮೈಕ್ರೋಕಂಟ್ರೋಲರ್ ಅಗ್ಗ, ಪಿನ್‌ಗಳನ್ನು ಆಡಿಸುವ ಅದರ ಪಿಐಒ ಘಟಕ ಚುರುಕು. ಆದರೆ ಅದರಲ್ಲಿ ಬಳಕೆಗೆ ಸಿಗುವುದು 30 ಪಿನ್, ಬಸ್ಸಿಗೇ ಅದಕ್ಕಿಂತ ಹೆಚ್ಚು ಬೇಕು. ವಿಳಾಸವನ್ನು ಕಂತಿನಲ್ಲಿ ಓದಬೇಕಾಗುತ್ತದೆ, ಪ್ರತಿ ಸಲವೂ ಪ್ರೊಸೆಸರನ್ನು ಕಾಯಿಸಬೇಕಾಗುತ್ತದೆ. ನಡೆಯುತ್ತದೆ, ಆದರೆ ಪರದೆಯ ಗೆರೆ ಗೆರೆಗೂ ಸಮಯ ನೋಡಿ ಆಡುವ ಪ್ರೋಗ್ರಾಂಗಳ ಮುಂದೆ ನಿಲ್ಲುವುದು ಕಷ್ಟ.

ಬಸ್ಸು 5 ವೋಲ್ಟ್, ಎಫ್‌ಪಿಜಿಎ 3.3 ವೋಲ್ಟ್. ನೇರವಾಗಿ ಜೋಡಿಸಬಹುದೇ?

ಬೇಡ, ಚಿಪ್ ಸುಡುತ್ತದೆ. 3.3 ವೋಲ್ಟಿನಲ್ಲಿ ಓಡುವ 74ಎಲ್‌ವಿಸಿ245 ಬಫರ್‌ಗಳನ್ನು ನಡುವೆ ಇಡಿ. ಅವು 5 ವೋಲ್ಟಿನ ಸಂಕೇತವನ್ನು ತಡೆದುಕೊಳ್ಳುತ್ತವೆ. ಹೊರಗೆ ಹೋಗುವ 3.3 ವೋಲ್ಟ್ ಬಸ್ಸಿಗೆ ಸಾಕು, ಟಿಟಿಎಲ್‌ಗೆ 2 ವೋಲ್ಟ್ ದಾಟಿದರೆ ಅದು ಒಂದೇ.

ಇಲ್ಲಿ ಒಂದು ಮಾತು ಮುಖ್ಯ. ವಿದ್ಯುತ್ ಬಂದ ಕೂಡಲೇ ಎಫ್‌ಪಿಜಿಎ ಎಚ್ಚರವಾಗಿರುವುದಿಲ್ಲ, ಫ್ಲ್ಯಾಶ್‌ನಿಂದ ತನ್ನ ವಿನ್ಯಾಸವನ್ನು ಓದಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಬಫರ್‌ಗಳು ತೆರೆದಿದ್ದರೆ ಇಡೀ ಯಂತ್ರ ನಿಲ್ಲುತ್ತದೆ. ಡೇಟಾ ಬಫರಿನ ಎನೇಬಲ್ ಪಿನ್ನಿಗೆ ಪುಲ್‌ಅಪ್ ರೆಸಿಸ್ಟರ್ ಹಾಕಿ, ಅದು ತಾನಾಗಿ ಮುಚ್ಚಿರಲಿ.

ವಿಜಿಎ ಮಾನಿಟರಿಗೆ ಚಿತ್ರ ಕೊಡುವುದು ಹೇಗೆ?

ಸಿಜಿಎಗೆ ಲೆಕ್ಕ ಸೊಗಸಾಗಿ ಕೂಡುತ್ತದೆ. ಒಂದು ಗೆರೆಗೆ 912 ಚುಕ್ಕಿಗಳು, ಸೆಕೆಂಡಿಗೆ 15,700 ಗೆರೆ. ಒಂದು ಗೆರೆಯನ್ನು ಬಫರಿನಲ್ಲಿ ತುಂಬುತ್ತಾ, ಹಿಂದಿನ ಗೆರೆಯನ್ನು ಇಮ್ಮಡಿ ವೇಗದಲ್ಲಿ ಎರಡು ಸಲ ಹೊರಗೆ ಬಿಟ್ಟರೆ 31,400 ಆಗುತ್ತದೆ. ವಿಜಿಎಯದು 31,469. ಮಾನಿಟರ್ ತಕರಾರಿಲ್ಲದೆ ಹಿಡಿಯುತ್ತದೆ.

ಎಂಡಿಎ ಸೆಕೆಂಡಿಗೆ 50 ಚಿತ್ರ ಎಳೆಯುವುದರಿಂದ ಇಮ್ಮಡಿಸಿದರೂ ಹಲವು ಮಾನಿಟರ್‌ಗಳು ಒಪ್ಪುವುದಿಲ್ಲ. ಅಲ್ಲಿ ಒಳದಾರಿ ಇದೆ: ವಿಜಿಎಯಲ್ಲೇ 720×350ರ ಪಠ್ಯ ಮೋಡ್ ಇದೆ, ಸೆಕೆಂಡಿಗೆ 70 ಚಿತ್ರ, ಚುಕ್ಕಿಯ ಗಡಿಯಾರ 28.322 ಮೆಗಾಹರ್ಟ್ಸ್. ಬಯೋಸ್ (ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಬರೆದ ಸಮಯದ ಅಳತೆಗಳನ್ನು ಬದಿಗಿಟ್ಟು ನೇರವಾಗಿ ಈ ಅಳತೆಯಲ್ಲೇ ಚಿತ್ರ ಕೊಡಿ. ಅಡ್ಡ ಸಿಂಕ್ ಧನ, ಲಂಬ ಸಿಂಕ್ ಋಣ ಇರಲಿ. 350 ಗೆರೆ ಎಂದು ಮಾನಿಟರಿಗೆ ತಿಳಿಸುವ ಗುರುತು ಅದು.

ಬಣ್ಣಕ್ಕೆ ಪ್ರತಿ ತಂತಿಗೆ ಎರಡು ರೆಸಿಸ್ಟರ್ ಸಾಕು. 3.3 ವೋಲ್ಟಿನಿಂದ ಬಣ್ಣದ ಬಿಟ್‌ಗೆ 430 ಓಮ್, ತೀವ್ರತೆಯ ಬಿಟ್‌ಗೆ 820 ಓಮ್. ಮಾನಿಟರಿನ 75 ಓಮ್ ಸೇರಿ ಎರಡೂ ಉರಿದಾಗ 0.69 ವೋಲ್ಟ್ ಬರುತ್ತದೆ. ಕಂದು ಬಣ್ಣವನ್ನು ಮಾತ್ರ ಪ್ರತ್ಯೇಕವಾಗಿ ನೋಡಿಕೊಳ್ಳಿ. ಆರನೆಯ ಬಣ್ಣ ಲೆಕ್ಕದ ಪ್ರಕಾರ ಮಂಕು ಹಳದಿ, ಆದರೆ ಐಬಿಎಂನ 5153 ಮಾನಿಟರ್ ಅದೊಂದರಲ್ಲಿ ಹಸಿರನ್ನು ತಗ್ಗಿಸಿ ಕಂದು ಮಾಡುತ್ತಿತ್ತು. ಆ ಬಣ್ಣ ಬಂದಾಗ ಹಸಿರಿಗೆ ತೀವ್ರತೆಯ ಬಿಟ್ ಮಾತ್ರ ಕಳಿಸಿ.

ಎಂಡಿಎಗೆಂದೇ ಐಬಿಎಂ ಮಾಡಿದ ಮೂಲ 5151 ಮಾನಿಟರ್ ನನ್ನ ಬಳಿ ಇದೆ. ಅದಕ್ಕೇ ಜೋಡಿಸಲೇ?

ಕಾರ್ಡ್ ಪೂರ್ತಿ ಪಕ್ವವಾಗುವ ತನಕ ಬೇಡ. ಆ ಮಾನಿಟರಿಗೆ ಸ್ವಂತ ಅಡ್ಡ ಆಂದೋಲಕವಿಲ್ಲ, ನಿಮ್ಮ ಸಿಂಕ್ ಸಂಕೇತವೇ ಅದರ ಹೈ ವೋಲ್ಟೇಜ್ ಭಾಗವನ್ನು ನಡೆಸುತ್ತದೆ. ತಪ್ಪು ವೇಗದ ಸಿಂಕ್ ಅದನ್ನು ಹಾಳುಮಾಡಬಲ್ಲದು. ಮೊದಲು ಸ್ಕೋಪಿನಲ್ಲಿ 18.43 ಕಿಲೋಹರ್ಟ್ಸ್ ಮತ್ತು 50 ಹರ್ಟ್ಸ್ ಕಣ್ಣಾರೆ ನೋಡಿ.

ಕಾರ್ಡಿನ ಮೇಲೆ ಬಯೋಸ್ ರಾಮ್ ಬೇಕೇ?

ಎಂಡಿಎ, ಸಿಜಿಎ, ಹರ್ಕ್ಯುಲಿಸ್‌ಗಳಿಗೆ ಬೇಡ, ಮದರ್‌ಬೋರ್ಡಿನ ಬಯೋಸ್ ಅವನ್ನು ಬಲ್ಲದು. ಇಜಿಎ, ವಿಜಿಎಗೆ ಸಿ0000ದಲ್ಲಿ ರಾಮ್ ಬೇಕು: ಮೊದಲೆರಡು ಬೈಟ್ 55 ಮತ್ತು ಎಎ, ಮೂರನೆಯದು 512 ಬೈಟ್‌ಗಳ ಲೆಕ್ಕದಲ್ಲಿ ಗಾತ್ರ, ಎಲ್ಲ ಬೈಟ್‌ಗಳ ಮೊತ್ತದ ಕೊನೆಯ ಎಂಟು ಬಿಟ್ ಸೊನ್ನೆ. 1982ರ ಅಕ್ಟೋಬರ್ 27ಕ್ಕಿಂತ ಹಿಂದಿನ ಬಯೋಸ್ ಇರುವ ಪಿಸಿಗಳು ಇಂಥ ರಾಮ್‌ಗಳನ್ನು ಹುಡುಕುವುದೇ ಇಲ್ಲ.

ಬೋರ್ಡ್ ಮಾಡಿಸುವಾಗ ಏನು ನೋಡಬೇಕು?

ದಪ್ಪ 1.6 ಮಿಲಿಮೀಟರ್, ಸಂಪರ್ಕಗಳ ಅಂತರ 2.54 ಮಿಲಿಮೀಟರ್, ಅಂಚಿಗೆ ಚಿನ್ನದ ಲೇಪ, ಕೆಳತುದಿ ಇಳಿಜಾರಾಗಿ ಉಜ್ಜಿರಬೇಕು. ನಕ್ಷೆಗೆ ಕೀಕ್ಯಾಡ್ ತಂತ್ರಾಂಶ ಸಾಕು. ಎಫ್‌ಪಿಜಿಎ ಇದ್ದರೆ ನಾಲ್ಕು ಪದರಕ್ಕೆ ಹೋಗಿ, ಪೂರ್ತಿ ಗ್ರೌಂಡ್ ಪದರ ಸಿಗುವುದರಿಂದ ಚಿತ್ರದಲ್ಲಿ ನೆರಳು, ನಡುಕ ಬಹಳ ಕಡಿಮೆಯಾಗುತ್ತದೆ. ಪ್ರತಿ ಚಿಪ್ಪಿನ ಮಗ್ಗುಲಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಮೊದಲ ಸಲ ಯಂತ್ರಕ್ಕೆ ಹಾಕುವ ಮುನ್ನ?

5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇಲ್ಲ ಎಂದು ಮೀಟರ್ ಇಟ್ಟು ನೋಡಿ. 12 ವೋಲ್ಟಿನ ಸಂಪರ್ಕಗಳು ನಿಮ್ಮ ಬೋರ್ಡಿನಲ್ಲಿ ಎಲ್ಲಿಗೂ ಹೋಗಿಲ್ಲ ಎಂದೂ ಖಚಿತಪಡಿಸಿಕೊಳ್ಳಿ.

ಆಮೇಲೆ ಚಿತ್ರಕ್ಕೆ ಆತುರಪಡಬೇಡಿ. ಕೆಲಸ ಮಾಡುವ ಇನ್ನೊಂದು ಕಾರ್ಡನ್ನು ಪಕ್ಕದಲ್ಲಿಟ್ಟು, ಒಂದು ಪೋರ್ಟಿಗೆ ಬರೆದರೆ ಎಲ್‌ಇಡಿ ಹೊತ್ತುವಂತೆ ಮಾಡಿ. ಬಳಿಕ ಡಾಸ್‌ನ ಡಿಬಗ್‌ನಿಂದ ನಿಮ್ಮ ಮೆಮೊರಿಗೆ ಬರೆದು ಮರಳಿ ಓದಿ, ಸಾವಿರ ಬೈಟ್‌ನಲ್ಲಿ ಒಂದು ತಪ್ಪಿದರೂ ಮುಂದೆ ಹೋಗಬೇಡಿ. ಸಿಂಕ್ ಅದಾದ ಮೇಲೆ, ಚಿತ್ರ ಕೊನೆಗೆ. ನಿಮ್ಮದೊಂದೇ ಕಾರ್ಡ್ ಇದ್ದಾಗ ಒಂದು ಉದ್ದ, ಎರಡು ಗಿಡ್ಡ ಬೀಪ್ ಕೇಳಿದರೆ ಬಯೋಸ್ ನಿಮ್ಮ ವಿಡಿಯೋ ಮೆಮೊರಿಯನ್ನು ಒಪ್ಪಲಿಲ್ಲ ಎಂದರ್ಥ. ಪಿಸಿಯ ಮದರ್‌ಬೋರ್ಡಿನ ಮೊದಲ ಸ್ವಿಚ್ ಗುಂಪಿನಲ್ಲಿ 5 ಮತ್ತು 6ನೆಯವನ್ನೂ ನೋಡಿ. ಎಂಡಿಎಗೆ ಎರಡೂ ಆಫ್, ಸ್ವಂತ ರಾಮ್ ಇರುವ ಕಾರ್ಡಿಗೆ ಎರಡೂ ಆನ್.

ಹೊಂದಾಣಿಕೆ ಪೂರ್ತಿ ಆಗಿದೆ ಎಂದು ತಿಳಿಯುವುದು ಹೇಗೆ?

ಸಿಜಿಎಯಾದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಡಾಸ್‌ನ ಪಠ್ಯ, ಆಮೇಲೆ ಸಾಮಾನ್ಯ ಆಟಗಳು, ಆಮೇಲೆ ಪಠ್ಯದ ಸಾಲನ್ನು ಎರಡೇ ಗೆರೆಗೆ ಕುಗ್ಗಿಸಿ 16 ಬಣ್ಣ ತೋರಿಸುವ 160×100ರ ಆಟಗಳು. ಈ ಮೂರನೆಯದು ನಿಂತರೆ ನಿಮ್ಮ 6845 ನಿಜಕ್ಕೂ ರಿಜಿಸ್ಟರ್‌ಗಳ ಮಾತು ಕೇಳುತ್ತಿದೆ. ಕಡೆಯ ಪರೀಕ್ಷೆ 2015ರ "8088 ಎಂಪಿಎಚ್" ಮತ್ತು 2022ರ "ಏರಿಯಾ 5150" ಎಂಬ ಡೆಮೊಗಳು (ಯಂತ್ರದ ಕೈಲಾದಷ್ಟನ್ನೂ ಹಿಂಡಿ ತೋರಿಸುವ ಪ್ರದರ್ಶನದ ಪ್ರೋಗ್ರಾಂಗಳು). ಅವು ಚಿತ್ರದ ನಡುವೆಯೇ ಕಂಟ್ರೋಲರಿನ ಅಳತೆ ಬದಲಿಸುತ್ತವೆ. 8088 ಎಂಪಿಎಚ್ ಟಿವಿಗೆ ಹೋಗುವ ಕಾಂಪೋಸಿಟ್ ಹೊರದಾರಿಯಲ್ಲಿ 1,024 ಬಣ್ಣ ಹೊರಡಿಸುತ್ತದೆ. ಚುಕ್ಕಿಯ ಗಡಿಯಾರ ಟಿವಿಯ 3.58 ಮೆಗಾಹರ್ಟ್ಸ್ ಬಣ್ಣ ಸಂಕೇತದ ಸರಿಯಾಗಿ ನಾಲ್ಕು ಪಟ್ಟು ಇರುವುದರಿಂದ ಅದು ಸಾಧ್ಯ. ಈ ಎರಡು ಓಡದಿದ್ದರೆ ಕಾರ್ಡ್ ಕೆಟ್ಟದ್ದೆಂದಲ್ಲ. ಇವುಗಳ ಮುಂದೆ ತಡವರಿಸಿದ ಹಳೆಯ ಕಾರ್ಡ್‌ಗಳೂ ಇವೆ.

ಒಂದೇ ಯಂತ್ರದಲ್ಲಿ ಎಂಡಿಎ ಮತ್ತು ಸಿಜಿಎ ಎರಡೂ ಇರಬಹುದೇ?

ಖಂಡಿತ. ವಿಳಾಸಗಳೂ ಪೋರ್ಟ್‌ಗಳೂ ಬೇರೆ ಬೇರೆ. ಒಂದು ಪರದೆಯಲ್ಲಿ ಡಿಬಗರ್, ಇನ್ನೊಂದರಲ್ಲಿ ಪ್ರೋಗ್ರಾಂ ಇಟ್ಟುಕೊಂಡು ಕೆಲಸ ಮಾಡುವ ರೂಢಿ ಆಗಲೇ ಇತ್ತು. ಹರ್ಕ್ಯುಲಿಸ್ ಆದರೆ ಅದರ ಎರಡನೆಯ ಪುಟ ಬಿ8000ದಲ್ಲೇ ಕೂರುವುದರಿಂದ ಅದನ್ನು ಮುಚ್ಚಿಡಬೇಕು. 16 ಬಿಟ್ ಸ್ಲಾಟಿನ ವಿಜಿಎ ಜೊತೆ ಇಡುವುದಾದರೆ ಇನ್ನೊಂದು ತೊಂದರೆ: 16 ಬಿಟ್ ಮೆಮೊರಿ ಎಂಬ ಘೋಷಣೆ 128 ಕಿಲೋಬೈಟ್‌ನ ಇಡೀ ತುಂಡಿಗೆ ಅನ್ವಯಿಸುತ್ತದೆ, ಎ0000ದಿಂದ ಬಿಎಫ್‌ಎಫ್‌ಎಫ್‌ಎಫ್‌ವರೆಗೆ ಪೂರ್ತಿ. ನಿಮ್ಮ ಎಂಟು ಬಿಟ್ ಎಂಡಿಎ ಅದರೊಳಗೇ ಬರುತ್ತದೆ. ಅಂಥ ಯಂತ್ರದಲ್ಲಿ ವಿಜಿಎಯನ್ನು ಜಂಪರ್ ಬದಲಿಸಿ ಎಂಟು ಬಿಟ್‌ಗೆ ಇಳಿಸಿ.